‘ಬೂಮ್’ ಎಂದರೆ ಸದ್ದೋ, ಏಳಿಗೆಯೋ?

ದಾವಣಗೆರೆಯ ಓದುಗಿ:

ಎಲ್ಲರಿಗೂ ನಮಸ್ಕಾರ. ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಸಿದ್ಧತೆ ನಡೆಸುತ್ತಿದ್ದೇನೆ. ದಿನಕ್ಕೊಂದು ಇಂಗ್ಲಿಷ್ ಲೇಖನ ಓದಿ, ಗೊತ್ತಿಲ್ಲದ ಪದಗಳನ್ನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು ನನ್ನ ರೂಢಿ. ಎಡಗಡೆ ಪದ, ಬಲಗಡೆ ಕನ್ನಡದ ಅರ್ಥ, ಒಂದು ಪದಕ್ಕೆ ಒಂದೇ ಸಾಲು.

ಹಳೆಯ ಸುದ್ದಿಯೊಂದರಲ್ಲಿ ‘ಬೂಮ್’ ಎಂಬ ಪದ ಮೊದಲ ಸಲ ಸಿಕ್ಕಿತು. 2020ರ ಮೇ 20ರಂದು ಮಧ್ಯಾಹ್ನ ಬೆಂಗಳೂರಿನ ಜನರನ್ನು ಬೆಚ್ಚಿಬೀಳಿಸಿದ ಸದ್ದಿನ ಕುರಿತಾದ ಸುದ್ದಿ ಅದು. ಅದನ್ನು ನೋಡಿ ‘ಗುಡುಗಿನಂಥ ಭಾರಿ ಸದ್ದು’ ಎಂದು ಬರೆದುಕೊಂಡೆ. ವಾರದ ನಂತರ ಮಾದರಿ ಪ್ರಶ್ನೆಪತ್ರಿಕೆಯ ಗದ್ಯಭಾಗವೊಂದರಲ್ಲಿ ‘ಹೌಸಿಂಗ್ ಬೂಮ್’ ಎಂದಿತ್ತು. ನೋಟ್‌ಬುಕ್ಕನ್ನು ನಂಬಿ, ಮನೆಗಳು ಧಡಾರನೆ ಕುಸಿದುಬಿದ್ದವು ಎಂದುಕೊಂಡು ಇಡೀ ಭಾಗವನ್ನು ಹಾಗೆಯೇ ಓದಿದೆ. ಐದು ಪ್ರಶ್ನೆಗಳಲ್ಲಿ ನಾಲ್ಕು ತಪ್ಪಾದವು. ಉತ್ತರ ನೋಡಿದ ಮೇಲೆ ತಿಳಿದದ್ದೇನೆಂದರೆ, ಲೇಖಕರು ಮನೆಗಳ ಬೇಡಿಕೆ ಒಮ್ಮೆಲೇ ಏರಿದ್ದನ್ನು ಹೇಳುತ್ತಿದ್ದರು.

ನನ್ನ ಪ್ರಶ್ನೆ ಇಷ್ಟೇ. ಇವು ಒಂದೇ ಪದದ ಎರಡು ಅರ್ಥಗಳೋ, ಅಥವಾ ನಮ್ಮ ‘ಕರಿ’ ಎಂಬುದು ಆನೆಯೂ ಆಗಿ ಕಪ್ಪೂ ಆಗಿರುವಂತೆ ಎರಡು ಬೇರೆ ಪದಗಳೋ? ವಾಕ್ಯ ನೋಡಿದ ಕೂಡಲೇ ಯಾವ ಅರ್ಥವೆಂದು ಹಿಡಿಯುವುದು ಹೇಗೆ?

ನಿವೃತ್ತ ಉಪನ್ಯಾಸಕ:

ನಾಲ್ಕು ಅಂಕ ಹೋದದ್ದಕ್ಕೆ ಬೇಸರ ಬೇಡಮ್ಮ. ನನ್ನ ಮೂವತ್ತು ವರ್ಷದ ಪಾಠದಲ್ಲಿ ಈ ಪದವನ್ನು ‘ಬಾಂಬ್’ ಎಂದೂ ‘ಬ್ಲೂಮ್’ ಎಂದೂ ಓದಿದವರನ್ನು ಕಂಡಿದ್ದೇನೆ. ನೀವು ಕನಿಷ್ಠ ಪಕ್ಷ ಸರಿಯಾಗಿ ಓದಿದ್ದೀರಿ.

ಮೊದಲು ಪದದ ನೆರೆಹೊರೆಯನ್ನು ನೋಡಿ. ಸದ್ದಿನ ಅರ್ಥದಲ್ಲಿ ಈ ಪದ ಬಂದಾಗ ಸಾಮಾನ್ಯವಾಗಿ ಅದರ ನಂತರ ‘ಆಫ್’ ಇರುತ್ತದೆ, ಅದರ ನಂತರ ಸದ್ದು ಮಾಡಿದ ವಸ್ತು ಇರುತ್ತದೆ: ತೋಪುಗಳ (ಫಿರಂಗಿಗಳ) ಬೂಮ್, ಅಲೆಗಳ ಬೂಮ್. ಬೆಳವಣಿಗೆಯ ಅರ್ಥದಲ್ಲಿ ಬಂದಾಗ ‘ಇನ್’ ಇರುತ್ತದೆ, ಬೆಳೆದ ಕ್ಷೇತ್ರದ ಹೆಸರು ಅದರ ಜೊತೆಗಿರುತ್ತದೆ: ಪ್ರವಾಸೋದ್ಯಮದಲ್ಲಿ ಬೂಮ್, ರಫ್ತಿನಲ್ಲಿ ಬೂಮ್. ಇಲ್ಲವಾದರೆ ಕ್ಷೇತ್ರದ ಹೆಸರೇ ಬೂಮ್‌ಗಿಂತ ಮೊದಲು ಬಂದು ಕೂರುತ್ತದೆ, ನಿಮ್ಮ ‘ಹೌಸಿಂಗ್ ಬೂಮ್’ ಹಾಗೆ. ಕ್ರಿಯಾಪದವಾದಾಗ ಕರ್ತೃವನ್ನು ನೋಡಿದರೆ ಸಾಕು. ಧ್ವನಿ, ಡೋಲು, ಗುಡುಗು ‘ಬೂಮ್’ ಮಾಡಿದರೆ ಅದು ಮೊಳಗಿತು ಎಂದರ್ಥ. ವ್ಯಾಪಾರ, ಊರು, ಮಾರಾಟ ‘ಬೂಮ್’ ಮಾಡಿದರೆ ಅದು ಭರದಿಂದ ಬೆಳೆಯಿತು ಎಂದರ್ಥ.

ಇನ್ನು ಹುಟ್ಟಿನ ವಿಚಾರ. ಸದ್ದಿನ ‘ಬೂಮ್’ ನಮ್ಮ ‘ಢಂ’, ‘ಗುಡುಗುಡು’ಗಳಂತೆ ಅನುಕರಣ ಶಬ್ದ. ಹಿಂದಿನ ಕಾಲದ ಇಂಗ್ಲಿಷಿನಲ್ಲಿ ಅದು ಜೇನ್ನೊಣದ ಗುಂಯ್‌ಗುಡುವಿಕೆಗೂ ಸಲ್ಲುತ್ತಿತ್ತು, ತೋಪಿನ ಪಾಲಿಗೆ ಬಂದದ್ದು ಆಮೇಲೆ. ಏಳಿಗೆಯ ಅರ್ಥ ತೀರ ಈಚಿನದು. 1870ರ ದಶಕದಲ್ಲಿ ಅಮೆರಿಕದಲ್ಲಿ ಅದು ಬಳಕೆಗೆ ಬಂತು. ಸದ್ದಿನಲ್ಲಿರುವ ದಿಢೀರ್ ಗುಣವೇ ವ್ಯಾಪಾರಕ್ಕೆ ಹಬ್ಬಿತು ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ.

ಕ್ರೇನ್ ಕಾಮಗಾರಿ:

ಸರ್, ಕ್ಷಮಿಸಿ, ಒಂದು ಬೂಮ್ ಬಿಟ್ಟುಹೋಯಿತು. ನಾನು ಕಟ್ಟಡ ಕಾಮಗಾರಿಯಲ್ಲಿ ಸೈಟ್ ಎಂಜಿನಿಯರ್. ನಮಗೆ ಬೂಮ್ ಎಂದರೆ ಕ್ರೇನಿನ ಉದ್ದನೆಯ ಕೈ. ಆರನೆಯ ಮಹಡಿಗೆ ಕಾಂಕ್ರೀಟ್ ಏರಿಸುವ ಪಂಪಿನ ಮಡಚುವ ಕೊಳವೆಗೂ ಬೂಮ್ ಎನ್ನುತ್ತೇವೆ, ಟೋಲ್ ಗೇಟಿನಲ್ಲಿ ಏಳುವ ಅಡ್ಡಗಂಬಿಗೆ ಬೂಮ್ ಬ್ಯಾರಿಯರ್ ಎನ್ನುತ್ತೇವೆ. ನಮ್ಮ ಆಪರೇಟರ್ ಹುಡುಗರು ದಿನಕ್ಕೆ ನೂರು ಸಲ ‘ಬೂಮ್ ಎತ್ತು, ಬೂಮ್ ಇಳಿಸು’ ಎಂದು ಕೂಗುತ್ತಿರುತ್ತಾರೆ. ಇದು ಸದ್ದೂ ಅಲ್ಲ, ಏಳಿಗೆಯೂ ಅಲ್ಲ. ಹಾಗಾದರೆ ಇದು ಎಲ್ಲಿಂದ ಬಂತು?

ಅನುವಾದದ ಮೇಜು:

ಅದು ಡಚ್ ಭಾಷೆಯಿಂದ ಬಂದದ್ದು. ಡಚ್ಚರು ಮರಕ್ಕೆ ‘ಬೋಮ್’ ಎನ್ನುತ್ತಾರೆ, ಕಂಬಕ್ಕೂ ತೊಲೆಗೂ ಅದೇ ಪದ. ಜರ್ಮನ್ನಿನ ‘ಬೌಮ್’ ಅದರ ದಾಯಾದಿ, ನಿಮ್ಮ ಕಟ್ಟಡದ ‘ಬೀಮ್’ ಕೂಡ ಅದೇ ಮನೆತನದ್ದು. ಹಾಯಿಹಡಗಿನಲ್ಲಿ ಹಾಯಿಯ ತಳವನ್ನು ಚಾಚಿ ಹಿಡಿಯುವ ಅಡ್ಡಮರಕ್ಕೆ ಡಚ್ ನಾವಿಕರು ಇಟ್ಟ ಹೆಸರನ್ನು ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷರು ಎತ್ತಿಕೊಂಡರು. ಅಲ್ಲಿಂದ ಅದು ಕ್ರೇನಿಗೂ, ಸಿನಿಮಾ ಚಿತ್ರೀಕರಣದಲ್ಲಿ ನಟರ ತಲೆಯ ಮೇಲೆ ತೂಗುವ ಮೈಕಿನ ಕೋಲಿಗೂ ಬಂತು. ಎಂದರೆ ಸದ್ದಿನ ಬೂಮ್ ಮತ್ತು ಮರದ ಬೂಮ್ ಹುಟ್ಟಿನಿಂದಲೇ ಎರಡು ಬೇರೆ ಪದಗಳು, ಕಾಗುಣಿತ ಮಾತ್ರ ಒಂದು.

ಉಪನ್ಯಾಸಕರು ಹೇಳಿದ್ದಕ್ಕೆ ಒಂದು ತಿದ್ದುಪಡಿಯನ್ನೂ ಸೇರಿಸಬೇಕಾಗಿದೆ. ಏಳಿಗೆಯ ಅರ್ಥ ಸದ್ದಿನಿಂದ ಹುಟ್ಟಿತು ಎಂಬುದು ಒಂದು ಪಕ್ಷ. ಬೂಮನ್ನು ಹೊರಕ್ಕೆ ಚಾಚಿ, ಹಾಯಿಯನ್ನೆಲ್ಲ ಬಿಚ್ಚಿಕೊಂಡು ಭರದಿಂದ ಸಾಗುವ ಹಡಗಿನ ಚಿತ್ರದಿಂದ ಹುಟ್ಟಿತು ಎಂಬುದು ಇನ್ನೊಂದು ಪಕ್ಷ. ನಿಘಂಟುಕಾರರು ಎರಡನ್ನೂ ಮುಂದಿಟ್ಟು ತೀರ್ಪನ್ನು ತೆರೆದೇ ಇಟ್ಟಿದ್ದಾರೆ. ಎರಡನೆಯ ಪಕ್ಷವೇ ನಿಜವಾಗಿದ್ದಲ್ಲಿ ಓದುಗಿಯವರ ‘ಹೌಸಿಂಗ್ ಬೂಮ್’ ಗುಡುಗಿನ ನೆಂಟನಲ್ಲ, ಮರದ ನೆಂಟ.

ನಿವೃತ್ತ ಉಪನ್ಯಾಸಕ:

ಒಪ್ಪಿದೆ. ಎರಡನೆಯ ಪಕ್ಷವನ್ನು ನಾನು ತರಗತಿಯಲ್ಲಿ ಹೇಳದೆ ಬಿಡುತ್ತಿದ್ದೆ, ಏಕೆಂದರೆ ಹಾಯಿಹಡಗನ್ನೇ ಕಾಣದ ಮಕ್ಕಳಿಗೆ ಅದನ್ನು ಮೊದಲು ವಿವರಿಸಬೇಕಾಗುತ್ತಿತ್ತು. ಅದು ಮೇಷ್ಟ್ರ ಸೋಮಾರಿತನವೆಂದೇ ಇಟ್ಟುಕೊಳ್ಳಿ.

ಹಳಗನ್ನಡ ವಿದ್ಯಾರ್ಥಿ:

ಓದುಗಿಯವರು ‘ಕರಿ’ಯ ಉದಾಹರಣೆ ಕೊಟ್ಟದ್ದು ಚೆನ್ನಾಗಿದೆ, ಅಲ್ಲಿ ಆನೆ ಸಂಸ್ಕೃತದ್ದು, ಕಪ್ಪು ಕನ್ನಡದ್ದು. ಆದರೆ ಸದ್ದು ಮತ್ತು ಬೆಳವಣಿಗೆಯ ಜೋಡಿಯೇ ಬೇಕೆಂದರೆ ಕನ್ನಡದಲ್ಲಿ ಇದಕ್ಕಿಂತ ಹತ್ತಿರದ ಉದಾಹರಣೆ ಇದೆ: ‘ಮೊಳಗು’ ಮತ್ತು ‘ಮೊಳೆ’. ಒಂದು ನಗಾರಿಯದ್ದು, ಇನ್ನೊಂದು ಹೆಸರುಕಾಳಿನದ್ದು. ಮೊಳಕೆಯೊಡೆಯುವುದೂ ಮೊಳಗುವುದೂ ಒಳಗಿದ್ದದ್ದು ಹೊರಬರುವುದೇ ಅಲ್ಲವೇ, ಆದ್ದರಿಂದ ಎರಡೂ ಒಂದೇ ಧಾತುವಿನಿಂದ ಬಂದಿರಬೇಕು ಎಂದು ನಾನೇ ಬಿ.ಎ. ಓದುವಾಗ ಬಹಳ ಉತ್ಸಾಹದಿಂದ ಪ್ರಬಂಧವೊಂದರಲ್ಲಿ ಬರೆದಿದ್ದೆ. ಗುರುಗಳು ಆ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ‘ೞ’ ಎಂಬ ಒಂದೇ ಅಕ್ಷರ ಬರೆದು ಹಿಂತಿರುಗಿಸಿದರು.

ೞ ಎಂಬುದು ಈಗ ಬಳಕೆಯಲ್ಲಿಲ್ಲದ ಹಳಗನ್ನಡದ ಅಕ್ಷರ, ಆ ಒಂದು ಅಕ್ಷರ ಎಲ್ಲವನ್ನೂ ಹೇಳುತ್ತಿತ್ತು. ಹಳಗನ್ನಡದಲ್ಲಿ ಸದ್ದಿನ ಪದ ‘ಮೊೞಗು’, ಚಿಗುರಿನ ಪದ ‘ಮೊಳೆ’. ತಮಿಳಿನಲ್ಲಿ ಇಂದಿಗೂ ಮೊದಲನೆಯದು ‘ಮುೞಂಗು’, ಎರಡನೆಯದು ‘ಮುಳೈ’, ಬರೆಯುವ ಅಕ್ಷರವೇ ಬೇರೆ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ತನ್ನ ವ್ಯಾಕರಣ ಗ್ರಂಥ ಶಬ್ದಮಣಿದರ್ಪಣದಲ್ಲಿ ರಳ (ೞ), ಕುಳ (ಕನ್ನಡದ ಸಹಜ ಳ), ಕ್ಷಳ (ಸಂಸ್ಕೃತದ ಲಕಾರದಿಂದ ಬಂದ ಳ) ಎಂದು ಬಿಡಿಸಿ ಹೇಳಿದ್ದು ಇಂಥ ಗೊಂದಲ ಆಗಬಾರದೆಂದೇ. ಮುಂದೆ ಬರವಣಿಗೆಯಲ್ಲಿ ೞಕಾರ ಬಿದ್ದುಹೋಗಿ ಎಲ್ಲವೂ ಳಕಾರವಾಯಿತು, ನೆಂಟಸ್ತಿಕೆಯಿಲ್ಲದ ಎರಡು ಪದಗಳು ಒಂದೇ ಮನೆಯವರಂತೆ ಕಾಣತೊಡಗಿದವು. ಇಂಗ್ಲಿಷಿನ ಎರಡು ಬೂಮ್‌ಗಳ ಕಥೆಯೂ ಇದೇ ಬಗೆಯದ್ದು.

ಇದಕ್ಕೆ ವಿರುದ್ಧವಾದದ್ದು ‘ಸ್ಫೋಟ’. ಸಂಸ್ಕೃತದ ‘ಸ್ಫುಟ್’ ಧಾತುವಿಗೆ ಸಿಡಿಯುವುದು ಮತ್ತು ಅರಳುವುದು ಎರಡೂ ಅರ್ಥಗಳಿವೆ. ಬಂಡೆಯೂ ಸ್ಫುಟಿಸುತ್ತದೆ, ಮೊಗ್ಗೂ ಸ್ಫುಟಿಸುತ್ತದೆ. ಮಾತು ಸ್ಪಷ್ಟವಾಗಿದ್ದರೆ ‘ಸ್ಫುಟವಾದ ಉಚ್ಚಾರಣೆ’ ಎನ್ನುವುದೂ ಅದರಿಂದಲೇ. ಇಲ್ಲಿ ಧಾತು ನಿಜವಾಗಿಯೂ ಒಂದೇ.

ಅನುವಾದದ ಮೇಜು:

ಆ ‘ಸ್ಫೋಟ’ವೇ ನಮ್ಮ ಕಸುಬಿನಲ್ಲಿ ತಲೆನೋವು ತಂದಿಟ್ಟಿದೆ. ‘ಜನಸಂಖ್ಯಾ ಸ್ಫೋಟ’ ಎಂಬುದು ಕನ್ನಡದಲ್ಲಿ ಬೇರೂರಿರುವುದರಿಂದ, ‘ಬೇಬಿ ಬೂಮ್’ ಎಂದು ಕಂಡ ಕೂಡಲೇ ಕೈ ತಾನಾಗಿ ‘ಶಿಶು ಸ್ಫೋಟ’ ಎಂದು ಬರೆಯಲು ಹೋಗುತ್ತದೆ. ಹೊಸಬರೊಬ್ಬರು ಹಾಗೆ ಬರೆದಿದ್ದನ್ನು ಅಚ್ಚಿಗೆ ಹೋಗುವ ಹತ್ತು ನಿಮಿಷ ಮೊದಲು ತೆಗೆಸಿದ್ದು ನೆನಪಿದೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರಿಂದ 1964ರವರೆಗೆ ಅಮೆರಿಕದಲ್ಲಿ ಹೆರಿಗೆಗಳ ಸಂಖ್ಯೆ ಏರಿಯೇ ಇದ್ದ ಕಾಲಕ್ಕೆ ಆ ಹೆಸರು. ಅದರಲ್ಲಿ ಭಯವಿಲ್ಲ, ನೆಮ್ಮದಿಯಿದೆ. ಯುದ್ಧದಿಂದ ಗಂಡಸರು ಮನೆಗೆ ಮರಳಿದ್ದರು, ಕೆಲಸವಿತ್ತು, ಮನೆ ಕಟ್ಟಿಕೊಳ್ಳಲು ಸಾಲ ಸಿಗುತ್ತಿತ್ತು.

ಏಳಿಗೆಯ ಬೂಮ್‌ಗೆ ಕನ್ನಡದಲ್ಲಿ ಯಾವ ಪದ ಹಾಕಬೇಕೆಂದು ನಾನು ಇಪ್ಪತ್ತು ವರ್ಷದಿಂದ ಒದ್ದಾಡುತ್ತಿದ್ದೇನೆ. ‘ಏರಿಕೆ’ ಸಪ್ಪೆ, ಹಾಲಿನ ದರ ಎರಡು ರೂಪಾಯಿ ಹೆಚ್ಚಾದರೂ ಅದು ಏರಿಕೆಯೇ. ಪಠ್ಯಪುಸ್ತಕದ ‘ಉತ್ಕರ್ಷ’ ಪರೀಕ್ಷೆಗೆ ಸರಿ, ಅಂಗಡಿಯಲ್ಲಿ ಯಾರೂ ಆಡುವುದಿಲ್ಲ. ‘ಉಬ್ಬರ’ ಅತ್ಯಂತ ಸುಂದರ ಪದ, ಕಡಲಿನ ಏರಿಳಿತವೆಲ್ಲ ಅದರಲ್ಲಿದೆ. ಆದರೆ ‘ಹಣದುಬ್ಬರ’ ಅದನ್ನು ಆಗಲೇ ಕಾಯ್ದಿರಿಸಿಬಿಟ್ಟಿದೆ, ವಾಣಿಜ್ಯದ ಲೇಖನದಲ್ಲಿ ಉಬ್ಬರ ಎಂದರೆ ಓದುಗರು ಬೆಲೆ ಹೆಚ್ಚಳವೆಂದೇ ತಿಳಿಯುತ್ತಾರೆ. ಶೀರ್ಷಿಕೆಗೆ ‘ಸುಗ್ಗಿ’ ಹೊಂದುತ್ತದೆ ನಿಜ, ಆದರೆ ಸುಗ್ಗಿ ವರ್ಷ ವರ್ಷವೂ ಹೇಳಿದ ತಿಂಗಳಿಗೆ ಬರುವಂಥದ್ದು, ಬೂಮ್ ಹೇಳದೆ ಕೇಳದೆ ಬರುವಂಥದ್ದು. ನಾನು ಹೆಚ್ಚಾಗಿ ‘ಭರಾಟೆ’ಗೆ ಶರಣಾಗುತ್ತೇನೆ. ಅದರಲ್ಲಿ ವೇಗವೂ ಇದೆ, ಸ್ವಲ್ಪ ಗದ್ದಲವೂ ಇದೆ.

ಗಮನಿಸಿ, ಉಬ್ಬರದ ಮೊದಲ ಸ್ವರವನ್ನು ಬದಲಿಸಿದರೆ ‘ಅಬ್ಬರ’. ಒಂದು ಹಿಗ್ಗುವುದು, ಇನ್ನೊಂದು ಆರ್ಭಟಿಸುವುದು. ಮೊಳಗು-ಮೊಳೆಯ ಪಾಠ ಕೇಳಿದ ಮೇಲೆ ಇವೆರಡನ್ನು ನೆಂಟರೆನ್ನುವ ಧೈರ್ಯ ನನಗಿಲ್ಲ.

ಮಲೆನಾಡಿನ ತೋಟದವ:

ಭರಾಟೆ ಎಂದಿರಿ, ಸರಿ. ಆದರೆ ಬೂಮ್‌ನಲ್ಲಿ ಇನ್ನೊಂದು ಗುಣವಿದೆ, ಅದು ಇಳಿಯುತ್ತದೆ. ಅದನ್ನು ಅನುಭವಿಸಿದವನಾದ್ದರಿಂದ ಹೇಳುತ್ತಿದ್ದೇನೆ.

2000ದ ಏಪ್ರಿಲ್‌ನಲ್ಲಿ ಮಡಗಾಸ್ಕರಿನ ವೆನಿಲಾ ಸೀಮೆಗೆ ‘ಹುದಾ’ ಎಂಬ ಚಂಡಮಾರುತ ಬಡಿಯಿತು. ಜಗತ್ತಿಗೆ ವೆನಿಲಾ ಕೊಡುವ ದೊಡ್ಡಣ್ಣ ಮಡಗಾಸ್ಕರ್. ಅಲ್ಲಿ ಬೆಳೆ ಹಾಳಾದದ್ದೇ ತಡ, ಬೆಲೆ ಏರುತ್ತ ಹೋಗಿ, 2003ರ ಹೊತ್ತಿಗೆ ನಮ್ಮ ಘಟ್ಟದ ಮೇಲೆ ಅಡಿಕೆ ಮರಕ್ಕೆಲ್ಲ ವೆನಿಲಾ ಬಳ್ಳಿ ಹಬ್ಬಿತ್ತು. ಪೇಟೆಯಿಂದ ಬಂದ ಇಂಗ್ಲಿಷ್ ಪತ್ರಿಕೆಯಲ್ಲಿ ‘ವೆನಿಲಾ ಬೂಮ್’ ಎಂದು ಅಚ್ಚಾಗಿತ್ತು. ನಾನು ಈ ಪದವನ್ನು ಮೊದಲು ಓದಿದ್ದು ಅಲ್ಲಿಯೇ, ಆದ್ದರಿಂದ ನನಗೆ ಓದುಗಿಯವರದಕ್ಕೆ ಉಲ್ಟಾ ತೊಂದರೆ ಆಯಿತು. ಬಹಳ ವರ್ಷಗಳ ನಂತರ ಕಥೆಯೊಂದರಲ್ಲಿ ತೋಪಿನ ‘ಬೂಮ್’ ಎಂದು ಓದಿದಾಗ ತೋಪುಗಳ ವ್ಯಾಪಾರ ಕುದುರಿತೇನೋ ಎಂದುಕೊಂಡಿದ್ದೆ.

ವೆನಿಲಾ ಹೂವು ಬೆಳಿಗ್ಗೆ ಅರಳಿ ಅದೇ ದಿನ ಬಾಡುತ್ತದೆ. ಅಷ್ಟರೊಳಗೆ ಹಲ್ಲುಕಡ್ಡಿಯಂಥ ಕಡ್ಡಿಯಿಂದ ಹೂವಿನ ಒಳಪದರವನ್ನು ಮೇಲೆತ್ತಿ, ಪರಾಗವನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಬೇಕು. ಒಂದೊಂದು ಹೂವಿಗೂ ಹೀಗೆಯೇ ಮಾಡಬೇಕು, ನಮ್ಮಲ್ಲಿ ಆ ಕೆಲಸವನ್ನು ಮಾಡಿಕೊಡುವ ದುಂಬಿಯಿಲ್ಲ. ನಮ್ಮ ಮನೆಯವರೂ ಅತ್ತಿಗೆಯೂ ಸೂರ್ಯ ಏರುವ ಮೊದಲೇ ತೋಟಕ್ಕಿಳಿಯುತ್ತಿದ್ದರು. ಕೋಡು ಬಲಿಯಲು ಎಂಟೊಂಬತ್ತು ತಿಂಗಳು ಬೇಕು. ಕಳ್ಳರ ಭಯಕ್ಕೆ ರಾತ್ರಿ ಟಾರ್ಚ್ ಹಿಡಿದು ನಾನು ಮತ್ತು ತಮ್ಮ ಸರದಿಯ ಮೇಲೆ ಕಾವಲು ಕೂತೆವು. ಎಲ್ಲಿಯೂ ಒಂದು ಸದ್ದಿಲ್ಲ, ಜೀರುಂಡೆ ಮಾತ್ರ. ಬೂಮ್ ಎಂದರೆ ಅದು. ಒಂದೆರಡು ವರ್ಷದಲ್ಲಿ ಮಡಗಾಸ್ಕರಿನ ಬೆಳೆ ಮರಳಿ ಬಂತು, ಕೃತಕ ವೆನಿಲಿನ್ ಜಾಗ ಹಿಡಿಯಿತು, ಕೊಳ್ಳುವವರು ಜೀಪು ನಿಲ್ಲಿಸುವುದನ್ನೇ ಬಿಟ್ಟರು. ಪತ್ರಿಕೆ ಅದಕ್ಕೆ ‘ಬಸ್ಟ್’ ಎಂದಿತು. ಅದೇನು ಪದ ಸರ್?

ನಿವೃತ್ತ ಉಪನ್ಯಾಸಕ:

‘ಬರ್ಸ್ಟ್’ ಎಂಬುದರ ಆಡುಮಾತಿನ ರೂಪ ‘ಬಸ್ಟ್’. ಒಡೆದುಹೋದದ್ದು ಎಂದರ್ಥ. ಇಂಗ್ಲಿಷಿನಲ್ಲಿ ‘ಬೂಮ್ ಆಂಡ್ ಬಸ್ಟ್’ ಎಂಬುದು ನಮ್ಮ ‘ಏಳುಬೀಳು’ವಿನಂತೆ ಜೋಡಿಪದವಾಗಿ ನಿಂತಿದೆ, ಅರ್ಥಶಾಸ್ತ್ರದಲ್ಲಿ ಅದು ವ್ಯಾಪಾರ ಚಕ್ರದ ಎರಡು ಘಟ್ಟಗಳ ಹೆಸರು. ಓದುಗಿಯವರು ಇಂಟರ್ನೆಟ್ ಕಂಪನಿಗಳ ಡಾಟ್‌ಕಾಮ್ ಬೂಮ್ ಬಗ್ಗೆ ಓದಿರಬಹುದು. ಅಮೆರಿಕದ ಷೇರುಪೇಟೆಯ ನ್ಯಾಸ್ಡಾಕ್ ಸೂಚ್ಯಂಕ 2000ದ ಮಾರ್ಚ್ 10ರಂದು 5,048ಕ್ಕೆ ಮುಟ್ಟಿ, ಅಲ್ಲಿಂದ ಎರಡೂವರೆ ವರ್ಷ ಜಾರುತ್ತಲೇ ಹೋಯಿತು. ಗದ್ಯಭಾಗದಲ್ಲಿ ಮೊದಲ ಸಾಲಿನಲ್ಲಿ ‘ಬೂಮ್’ ಕಂಡು, ಕೆಳಗೆಲ್ಲೋ ‘ಬಸ್ಟ್’ ಅಥವಾ ‘ಸ್ಲಂಪ್’ (ಕುಸಿತ) ಕಂಡರೆ ಅದು ವ್ಯಾಪಾರದ ಬೂಮ್ ಎಂಬುದರಲ್ಲಿ ಅನುಮಾನವೇ ಬೇಡ.

ಚಾಂಪಿಯನ್ ರೀಫ್‌ನ ಹಳಬ:

ಎರಡೂ ಬೂಮ್‌ಗಳನ್ನು ಒಂದೇ ಊರಿನಲ್ಲಿ ಕಂಡವರು ನಾವು ಕೆ.ಜಿ.ಎಫ್. ಜನ. ಇಲ್ಲಿ 1880ರ ದಶಕದಲ್ಲಿ ಬ್ರಿಟಿಷ್ ಕಂಪನಿ ಚಿನ್ನ ತೆಗೆಯತೊಡಗಿದ ಮೇಲೆ ಬಯಲು ಪಟ್ಟಣವಾಯಿತು. 1902ರಲ್ಲಿ ಶಿವನಸಮುದ್ರದಿಂದ ಗಣಿಗಾಗಿಯೇ ವಿದ್ಯುತ್ ತಂದರು. ಇಂಗ್ಲಿಷರು ‘ಬೂಮ್ ಟೌನ್’ ಎನ್ನುವುದು ಇಂಥ ಊರಿಗೆ. ಇನ್ನೊಂದು ಬೂಮ್ ನೆಲದೊಳಗಿನದು. ಮೂರು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಬಂಡೆ ಒತ್ತಡ ತಾಳದೆ ಸಿಡಿಯುತ್ತಿತ್ತು, ನಾವು ಅದನ್ನು ರಾಕ್ ಬರ್ಸ್ಟ್ ಎನ್ನುತ್ತಿದ್ದೆವು. ಮೇಲೆ ಮನೆಯಲ್ಲಿ ಕೂತವರಿಗೆ ‘ಧುಂ’ ಎಂದು ಕಾಲಡಿಯಿಂದ ಕೇಳಿಸುತ್ತಿತ್ತು, ಗೂಡಿನ ಪಾತ್ರೆ ಅಲುಗುತ್ತಿದ್ದವು. ಆ ಸದ್ದಾದ ಮೇಲೆ ಯಾರ ಮನೆಯಲ್ಲಿಯೂ ಒಲೆ ಉರಿಯುತ್ತಿರಲಿಲ್ಲ, ಪಾಳಿಗೆ ಇಳಿದವರು ಮೇಲೆ ಬರುವವರೆಗೆ ಹೆಂಗಸರು ಬಾಗಿಲಲ್ಲೇ ನಿಂತಿರುತ್ತಿದ್ದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಎರಡೂ ನಿಂತವು.

ಸಂಗೀತದ ಕಿವಿ:

ಒಂದು ಸಣ್ಣ ಸೇರ್ಪಡೆ. ಬೂಮ್ ಸದ್ದಿನಿಂದ ಬೆಳವಣಿಗೆಗೆ ಹೋಯಿತು ಎಂದು ಒಪ್ಪುವುದಾದರೆ, ಬೆಳವಣಿಗೆಯಿಂದ ಸದ್ದಿಗೆ ಬಂದ ಪದವೂ ಇಂಗ್ಲಿಷಿನಲ್ಲಿದೆ: ‘ಕ್ರೆಶೆಂಡೊ’. ಇಟಲಿಯ ಭಾಷೆಯಲ್ಲಿ ಅದಕ್ಕೆ ‘ಬೆಳೆಯುತ್ತ’ ಎಂದಷ್ಟೇ ಅರ್ಥ. ಪಾಶ್ಚಾತ್ಯ ಸಂಗೀತದಲ್ಲಿ ನಾದವನ್ನು ಮೆಲ್ಲಗೆ ಏರಿಸುತ್ತ ಹೋಗಬೇಕೆಂಬ ಸೂಚನೆಯಾಗಿ ಅದನ್ನು ಬರೆಯುತ್ತಾರೆ. ಬಿದಿಗೆಯ ಚಂದ್ರನಿಗೆ ಹೇಳುವ ‘ಕ್ರೆಸೆಂಟ್’ ಕೂಡ ಅದೇ ಬೇರಿನದು, ದಿನದಿನಕ್ಕೆ ಬೆಳೆಯುವ ಚಂದ್ರ. ಓದುಗಿಯವರ ನೋಟ್‌ಬುಕ್ಕಿನಲ್ಲಿ ಬೂಮ್‌ನ ಪಕ್ಕದ ಸಾಲಿನಲ್ಲಿ ಇದನ್ನೂ ಇಟ್ಟುಕೊಳ್ಳಬಹುದು.

ದಾವಣಗೆರೆಯ ಓದುಗಿ:

ಎಲ್ಲರಿಗೂ ಧನ್ಯವಾದಗಳು. ಬರೆದದ್ದನ್ನೆಲ್ಲ ಎರಡು ಸಲ ಓದಿದೆ. ಬೆಂಗಳೂರಿನ ಆ ಸದ್ದಿನ ಸುದ್ದಿಯನ್ನೂ ಮತ್ತೆ ತೆಗೆದು ನೋಡಿದೆ. ವಾಯುಪಡೆಯ ವಿಮಾನವೊಂದು ಪರೀಕ್ಷಾ ಹಾರಾಟದಲ್ಲಿ ಶಬ್ದದ ವೇಗ ಮೀರಿ ಹೋಗಿ, 36,000ದಿಂದ 40,000 ಅಡಿ ಎತ್ತರದಲ್ಲಿ ವೇಗ ಇಳಿಸುವಾಗ ಉಂಟಾದ ಸದ್ದು ಅದೆಂದು ರಕ್ಷಣಾ ಇಲಾಖೆ ಹೇಳಿತ್ತು. ‘ಸಾನಿಕ್ ಬೂಮ್’ ಎಂಬ ಪೂರ್ತಿ ಹೆಸರು ಅಲ್ಲಿಯೇ ಇತ್ತು, ನಾನು ಮೊದಲ ಪದವನ್ನು ಬಿಟ್ಟು ಎರಡನೆಯದನ್ನು ಮಾತ್ರ ಬರೆದುಕೊಂಡಿದ್ದೆ.

ನಿನ್ನೆ ಸಂಜೆ ಒಂದು ವಿಷಯ ಹೊಳೆಯಿತು. ನಮ್ಮದು ಮಂಡಕ್ಕಿ-ಮಿರ್ಚಿ ಅಂಗಡಿ. ಅಪ್ಪ ರಾತ್ರಿ ಮನೆಗೆ ಬಂದು ಗಲ್ಲಾಪೆಟ್ಟಿಗೆ ಕೆಳಗಿಟ್ಟು, ‘ಇವತ್ತು ವ್ಯಾಪಾರ ಜೋರು’ ಎಂದರು. ಐದು ನಿಮಿಷ ಬಿಟ್ಟು ಒಳಗಿನಿಂದ, ‘ಟಿ.ವಿ. ಯಾಕಷ್ಟು ಜೋರು ಇಟ್ಟೀರಿ’ ಎಂದು ಕೂಗಿದರು. ಎರಡೂ ಕಡೆ ಒಂದೇ ಪದ. ನಾನು ಹುಟ್ಟಿದಾಗಿನಿಂದ ಇದನ್ನು ಕೇಳುತ್ತಿದ್ದೇನೆ, ಯಾವ ಜೋರು ಎಂದು ಒಂದು ದಿನವೂ ಗೊಂದಲವಾಗಿಲ್ಲ. ಬೂಮ್‌ನ ಮುಂದೆ ‘ಜೋರು’ ಎಂದು ಬರೆದರೆ ಸರಿಯಾಗುತ್ತದೆಯೇ?

ಅನುವಾದದ ಮೇಜು:

ಇಪ್ಪತ್ತು ವರ್ಷ ಒದ್ದಾಡಿದ ನನಗೆ ಇದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ‘ಜೋರು’ ಪಾರ್ಸಿಯಿಂದ ಬಂದ ಪದ, ಮೂಲದಲ್ಲಿ ಬಲ ಎಂದರ್ಥ. ಬಲ ಧ್ವನಿಗೆ ಬಂದರೆ ಗಟ್ಟಿ, ವ್ಯಾಪಾರಕ್ಕೆ ಬಂದರೆ ಭರಾಟೆ, ಮಳೆಗೆ ಬಂದರೆ ರಭಸ. ನೆನಪಿನಲ್ಲಿಡಲು ಇದಕ್ಕಿಂತ ಒಳ್ಳೆಯ ಕೊಂಡಿ ಸಿಗಲಾರದು.

ಆದರೆ ಅನುವಾದಕ್ಕೆ ಹಾಗೆಯೇ ಬಳಸಬೇಡಿ. ಬೂಮ್ ಒಂದು ಘಟನೆ, ಅದಕ್ಕೆ ಆರಂಭ ಮತ್ತು ಅಂತ್ಯಗಳಿವೆ. ನಿಮ್ಮ ತಂದೆಯವರ ಜೋರು ಒಂದು ದಿನದ ಸ್ಥಿತಿ, ಶನಿವಾರ ಇದ್ದು ಸೋಮವಾರ ಇಲ್ಲವಾಗಬಹುದು, ಅದನ್ನು ಯಾರೂ ಬಸ್ಟ್ ಎನ್ನುವುದಿಲ್ಲ. ಇನ್ನೊಂದು ಮಾತು: ವ್ಯಾಪಾರದ ಬೂಮ್ ಆಗಬೇಕಾದರೆ ಒಬ್ಬರ ಅಂಗಡಿ ಸಾಲದು. ತೋಟದವರು ಹೇಳಿದಂತೆ ಸೀಮೆಗೆ ಸೀಮೆಯೇ ಬಳ್ಳಿ ನೆಡಬೇಕು.

ದಾವಣಗೆರೆಯ ಓದುಗಿ:

ಅರ್ಥವಾಯಿತು ಸರ್. ನೋಟ್‌ಬುಕ್ಕಿನಲ್ಲಿ ಈ ಪದಕ್ಕೆ ಒಂದು ಪೂರ್ತಿ ಪುಟ ಬಿಟ್ಟು, ಉಪನ್ಯಾಸಕರ ಸೂತ್ರದಂತೆ ನಾಲ್ಕು ವಾಕ್ಯ ಬರೆದೆ. ಮೂರು ಸರಿಯಾದವು ಎನ್ನಿಸುತ್ತದೆ: ಅಲೆಗಳ ಬೂಮ್, ಮೊಬೈಲ್ ಮಾರಾಟದಲ್ಲಿ ಬೂಮ್, ಹೆಡ್‌ಮಾಸ್ಟರರ ಬೂಮ್ ಎನ್ನುವ ಧ್ವನಿ. ನಾಲ್ಕನೆಯದರಲ್ಲಿ ಸಿಕ್ಕಿಬಿದ್ದಿದ್ದೇನೆ. ‘ನಾವು ಆಕಾಶದಲ್ಲಿ ಒಂದು ಬೂಮ್ ಕೇಳಿದೆವು’ ಎಂದು ಇಂಗ್ಲಿಷಿನಲ್ಲಿ ಬರೆದಾಗ ‘ಇನ್ ದಿ ಸ್ಕೈ’ ಎಂದಾಯಿತು. ‘ಇನ್’ ಬಂದಿದೆ, ಸೂತ್ರದ ಪ್ರಕಾರ ಇದು ಏಳಿಗೆ ಆಗಬೇಕಲ್ಲವೇ?

ನಿವೃತ್ತ ಉಪನ್ಯಾಸಕ:

ವಾಕ್ಯ ನಿಮ್ಮದೇ ಸರಿ, ಸೂತ್ರ ನನ್ನದು ಸೋತಿತು. ‘ಇನ್’ನ ನಂತರ ಜಾಗ ಬಂದರೆ ಅದು ಎಲ್ಲಿ ಎಂಬುದನ್ನಷ್ಟೇ ಹೇಳುತ್ತದೆ, ಯಾವುದು ಬೆಳೆಯಿತು ಎಂಬುದನ್ನಲ್ಲ. ಅಲ್ಲಿ ‘ಕೇಳಿದೆವು’ ಎಂಬ ಕ್ರಿಯಾಪದವೇ ನಿಮಗೆ ಉತ್ತರ ಕೊಟ್ಟುಬಿಟ್ಟಿದೆ. ‘ಆಫ್’ ಕೂಡ ಒಮ್ಮೊಮ್ಮೆ ಕೈಕೊಡುತ್ತದೆ, ‘ತೊಂಬತ್ತರ ದಶಕದ ಬೂಮ್’ ಎನ್ನುವಾಗ ಇಂಗ್ಲಿಷಿನಲ್ಲಿ ‘ಆಫ್’ ಬರುತ್ತದೆ, ಆದರೆ ಸದ್ದು ಮಾಡಿದ್ದು ದಶಕವಲ್ಲ. ಐದನೆಯ ವಾಕ್ಯವಾಗಿ ಅದನ್ನೂ ಬರೆದು ಹಾಕಿ, ನೋಡುತ್ತೇನೆ.